ಮಂಡಿಯೂರಿ ಏಳುವ ವಿದ್ಯೆ

ಶಹಾಪುರದ ಹಳೆಯ ಮಿಷನ್ ಕಾಂಪೌಂಡಿನ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಒಂದು ಕ್ರಮವಿದೆ. ತಿಂಗಳ ಮೊದಲ ಭಾನುವಾರ, ಜಮಖಾನೆಯ ಮೇಲೆ ಕುಳಿತ ಸಭೆಯಿಂದ ಮೊದಲು ಹೆಂಗಸರು, ಅನಂತರ ಗಂಡಸರು, ಒಂದೊಂದು ಸಾಲಾಗಿ ಮುಂದಕ್ಕೆ ಹೋಗುತ್ತಾರೆ. ವೇದಿಕೆಯ ಮುಂದಿರುವ ಗಿಡ್ಡನೆಯ ಮರದ ಕಟಾಂಜನದ ಬಳಿ ಮಂಡಿಯೂರುತ್ತಾರೆ. ಪಾಸ್ಟರ್ ಒಬ್ಬೊಬ್ಬರ ಅಂಗೈಯಲ್ಲೂ ರೊಟ್ಟಿಯ ತುಣುಕನ್ನಿಟ್ಟು, ಬೆರಳುದ್ದದ ಲೋಟದಲ್ಲಿ ದ್ರಾಕ್ಷಾರಸ ಕೊಟ್ಟು, ಕೊನೆಗೆ ಕೈಯೆತ್ತಿ ಆಶೀರ್ವದಿಸಿದ ಮೇಲೆಯೇ ಆ ಸಾಲು ಏಳಬೇಕು. ಯಾರೂ ಮುಂಚೆ ಏಳುವುದಿಲ್ಲ, ಯಾರೂ ಹಿಂದೆ ಉಳಿಯುವುದಿಲ್ಲ. ಒಟ್ಟಿಗೆ ಬಾಗಿದವರು ಒಟ್ಟಿಗೆ ಏಳುವುದು ಆ ಸಭೆಯ ಹೆಮ್ಮೆ.

ಕಳೆದ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ವಾರ, ಅಂಥದೊಂದು ಭಾನುವಾರ, ಸಾಲು ಎದ್ದಿತು, ಸುವಾರ್ತಮ್ಮ ಏಳಲಿಲ್ಲ. ತೊಡೆಗಳು ಮಾತು ಕೇಳದೆ ಹೋದಾಗ ಆಕೆ ಕಟಾಂಜನವನ್ನು ಎರಡೂ ಕೈಗಳಿಂದ ಹಿಡಿದು ತನ್ನ ಭಾರವನ್ನೆಲ್ಲ ಅದರ ಮೇಲೆ ಹೇರಿದಳು. ಗೆದ್ದಲು ಹಿಡಿದಿದ್ದ ಆ ಮರ ಕರ್ರೆಂದು ಕೂಗಿ ಒಂದು ತುದಿಯಲ್ಲಿ ಕಿತ್ತುಬಂತು. ಹಿಂದಿನ ಸಾಲಿನಲ್ಲಿ ಯಾವುದೋ ಮಗು ಕಿಸಕ್ಕನೆ ನಕ್ಕಿತು. ಗಂಡಸರ ಕಡೆಯಿಂದ ಆಕೆಯ ಗಂಡ ದಾನಿಯೇಲಪ್ಪ ಓಡಿಬಂದ. ಅವನ ಹಿಂದೆ ಇನ್ನಿಬ್ಬರು ಬಂದರು. ಎರೆಮಣ್ಣಿನ ಕೆಸರಿನಲ್ಲಿ ಹೂತ ಟ್ರ್ಯಾಲಿಯನ್ನು ಎತ್ತುವವರ ಹಾಗೆ ಮೂವರೂ ಸೇರಿ ಆಕೆಯನ್ನು ಎತ್ತಿ ನಿಲ್ಲಿಸಿದರು.

ಅಂದಿನಿಂದ ಸುವಾರ್ತಮ್ಮ ಕಟಾಂಜನದ ಹತ್ತಿರ ಸುಳಿಯಲಿಲ್ಲ. ಕಾಯಿಲೆಯವರಿಗೆ ಮಾಡುವಂತೆ ಕುಳಿತಲ್ಲಿಗೇ ತಂದುಕೊಡುತ್ತೇನೆಂದು ಪಾಸ್ಟರ್ ಮೆಲ್ಲಗೆ ಹೇಳಿನೋಡಿದರು.

"ಬ್ಯಾಡ್ರಿ ಅಯ್ಯನವರ. ನಾ ಕಾಯಿಲಿಯಾಕಿ ಅಲ್ಲ. ಎದ್ದು ನಿಂದ್ರಾಕ ಬಂದ ದಿನ ನಾನೇ ಬರ್ತೀನಿ."

ಆ ದಿನ ಬರಲಿಲ್ಲ. ತಿಂಗಳು ತಿಂಗಳು ಎಲ್ಲರೂ ಎದ್ದು ಹೋಗಿ ತುಟಿಯೊರೆಸಿಕೊಂಡು ಮರಳುವಾಗ ಆಕೆ ಹಿಂದಿನ ಗೋಡೆಗೊರಗಿ, ಜಮಖಾನೆಯ ಅಂಚಿನ ನೂಲನ್ನು ಬೆರಳಿಗೆ ಸುತ್ತುತ್ತ ಕುಳಿತಿರುತ್ತಿದ್ದಳು. ಕರ್ತನ ಮೇಜಿನಿಂದ ಯಾರೂ ತನ್ನನ್ನು ಹೊರಗಿಟ್ಟಿರಲಿಲ್ಲ. ತಾನೇ ಹೊರಗುಳಿದದ್ದು ಎಂಬುದು ಆಕೆಗೆ ಗೊತ್ತಿತ್ತು, ಅದರಿಂದಲೇ ನೋವು ಹೆಚ್ಚಾಗುತ್ತಿತ್ತು.

ಈಕೆಗೆ ಅಂಜಿಕೆಯೆಂಬುದು ಇದೆಯೆಂದು ನೋಡಿದವರು ನಂಬುವುದಿಲ್ಲ. ದೋರನಹಳ್ಳಿಯ ಅಂಗನವಾಡಿಯಲ್ಲಿ ಆಕೆ ಕೂಗಿದರೆ ರಸ್ತೆಯಾಚೆಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರೂ ಒಮ್ಮೆ ತಲೆಯೆತ್ತುತ್ತಾರೆ. ಗುರುವಾರ ಸಂಜೆಯ ಹೆಂಗಸರ ಪ್ರಾರ್ಥನಾ ಕೂಟವನ್ನು ನಡೆಸುವವಳೂ ಆಕೆಯೇ. ಆ ಕೂಟಕ್ಕೆ ಆಕೆ ಹಾಕಿಕೊಟ್ಟ ನಿಯಮ ಒಂದೇ: ಯಾರಿಗಾಗಿ ಬೇಡಿಕೊಳ್ಳುತ್ತೀರೋ ಅವರ ಹೆಸರು ಹೇಳಬೇಕು, ಅವರ ಸಂಕಟ ಇಂಥದೇ ಎಂದು ಹೇಳಬೇಕು. "ಎಲ್ಲರಿಗೂ ಒಳ್ಳೇದು ಮಾಡು" ಎಂಬಂಥ ಪ್ರಾರ್ಥನೆಗೆ ಆ ಕೂಟದಲ್ಲಿ ಜಾಗವಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಮಗಳು ಪರಿಮಳಾ ದೃಢೀಕರಣದ ತರಗತಿಗೆ ಸೇರಿದಳು. ಆ ಸಭೆಯಲ್ಲಿ ಮಕ್ಕಳು ನಂಬಿಕೆಯನ್ನು ತಮ್ಮ ಬಾಯಿಂದಲೇ ಅರಿಕೆ ಮಾಡಿ, ಈಸ್ಟರ್ ಬೆಳಗ್ಗೆ ಮೊದಲ ಬಾರಿಗೆ ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಆಗ ತಾಯಿ ಮಗುವಿನ ಬಲಕ್ಕೆ ಮಂಡಿಯೂರುವುದು ವಾಡಿಕೆ. ತಾಯಿ ಇಲ್ಲದವರಿಗೆ ಚಿಕ್ಕಮ್ಮನೋ ಅತ್ತೆಯೋ.

"ಅವ್ವ," ಎಂದಳು ಪರಿಮಳಾ ಒಂದು ಸಂಜೆ, ತಟ್ಟೆಯ ಮೇಲಿಂದ ಕಣ್ಣೆತ್ತದೆ. "ಸುರಪುರದ ಚಿಕ್ಕವ್ವಗ ಬಾ ಅಂತ ಹೇಳಲೇನು?"

"ಯಾಕ? ನಾ ಸತ್ತೀನೇನು?"

"ಹಂಗಲ್ಲವ್ವ. ನಿನಗ ಸಂಕಟ ಆಗಬಾರದಂತ ಕೇಳಿದೆ."

ಮಗಳ ದನಿಯಲ್ಲಿ ಹಟವಿರಲಿಲ್ಲ, ತಾಯಿಯ ಮೇಲಿನ ಕನಿಕರವಿತ್ತು. ಸುವಾರ್ತಮ್ಮನಿಂದ ತಡೆಯಲಾಗದ್ದು ಆ ಕನಿಕರವೇ. ಆ ವಾರವೇ ಆಕೆ ದಾನಿಯೇಲಪ್ಪನನ್ನು ಕರೆದುಕೊಂಡು ಯಾದಗಿರಿಯ ದವಾಖಾನೆಗೆ ಹೋದಳು. ಡಾಕ್ಟರಮ್ಮ ಮಂಡಿಗಳನ್ನು ಒತ್ತಿ, ಮಡಿಸಿ, ಎಕ್ಸ್‌ರೇ ಫೋಟೋ ತೆಗೆಸಿ ನೋಡಿದರು.

"ಮೊಳಕಾಲಿನ ಎಲುಬಿಗಿ ಏನೂ ಆಗಿಲ್ಲ. ತೊಡ್ಯಾಗ ಶಕ್ತಿನೇ ಇಲ್ಲ ನೋಡ್ರಿ. ಮೈಭಾರ ಎಲ್ಲಾ ಮೊಳಕಾಲ ಮ್ಯಾಲೆ ಬೀಳಾಕತ್ತಾದ."

"ಗುಳಿಗಿ ಏನರ ಅದನ್ರಿ?" ದಾನಿಯೇಲಪ್ಪ ಕೇಳಿದ.

"ಇದಕ್ಕ ಗುಳಿಗಿ ಇಲ್ರಿ. ಕಲಿಸೋರು ಇರೋ ಜಿಮ್ಮಿಗಿ ಕಳಸ್ರಿ."

ದಾನಿಯೇಲಪ್ಪ ಸರ್ಕಾರಿ ಬಸ್ಸಿನ ಚಾಲಕ. ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಅವನ ಆಯುಷ್ಯ ಓಡಾಡಿದೆ. ಆ ದಿನ ಪ್ರಯಾಣಿಕನಾಗಿ ಹೆಂಡತಿಯ ಪಕ್ಕ ಕುಳಿತವನು ಮುದನಾಳ ದಾಟುವವರೆಗೆ ಬಹಳ ಕಷ್ಟಪಟ್ಟು ಗಂಭೀರವಾಗಿದ್ದ. ಆಮೇಲೆ ಅವನ ಹೆಗಲು ಕುಲುಕತೊಡಗಿತು.

"ನಗ್ರಿ, ನಗ್ರಿ. ಹೊಟ್ಟಿ ಹರದು ಹೋಗಲಿ."

"ಇಲ್ಲ ಮಾರಾಯ್ತಿ, ನೀ ಜಿಮ್ಮಿನಾಗ ಡಂಬಲ್ಸ್ ಎತ್ತಿದ ಮ್ಯಾಲೆ ನನ್ನ ಗತಿ ಏನಂತ ವಿಚಾರ ಮಾಡಾಕತ್ತೀನಿ."

ಶಹಾಪುರದ ಬಸ್ ನಿಲ್ದಾಣದಿಂದ ತುಸು ದೂರದಲ್ಲಿ, ಹಣಮೇಶನ ಬೀಜ-ಗೊಬ್ಬರದ ಅಂಗಡಿಯ ಮೇಲಂತಸ್ತಿನಲ್ಲಿ ಒಂದು ಜಿಮ್ ಇತ್ತು. ಮುಜಫರ ಎಂಬವನು ನಡೆಸುತ್ತಿದ್ದ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಹೆಂಗಸರಿಗೆ ಮಾತ್ರ, ಕಲಿಸುವವಳು ಅವನ ತಂಗಿ ಮೆಹನಾಜ. ಸುವಾರ್ತಮ್ಮ ಮೊದಲ ಸಂಜೆ ಮೆಟ್ಟಿಲ ತಿರುವಿನವರೆಗೆ ಹತ್ತಿದಳು. ಅರೆತೆರೆದ ಗಾಜಿನ ಬಾಗಿಲಿನಾಚೆ ಗೋಡೆಯುದ್ದದ ಕನ್ನಡಿ ಕಂಡಿತು. ಅದರಲ್ಲಿ ಯಾರೋ ಒಬ್ಬ ತೆಳ್ಳನೆಯ ಹುಡುಗಿ ಹಗ್ಗವಿಲ್ಲದೆಯೂ ಹಗ್ಗದಾಟ ಆಡುವವಳಂತೆ ಜಿಗಿಯುತ್ತಿದ್ದಳು. ಅದೇ ಕನ್ನಡಿಯ ಅಂಚಿನಲ್ಲಿ ತನ್ನದೇ ಸೀರೆಯ ತುಣುಕು ಕಂಡಿತು. ಅಂಗನವಾಡಿಯಲ್ಲಿ ಆಕೆ ಟೀಚರ್. ಕಾಂಪೌಂಡಿನಲ್ಲಿ ಎಲ್ಲರ ಹೆಸರು ಹಿಡಿದು ಬೇಡುವವಳು. ಇಲ್ಲಿ ಮಾತ್ರ ಆಕೆ ಕೇವಲ ಒಂದು ಮೈ. ಕೆಳಗಿಳಿದು, ಬಂದದ್ದಕ್ಕೆ ಕಾರಣ ಬೇಕಲ್ಲ ಎಂದು ಹಣಮೇಶನ ಅಂಗಡಿಯಲ್ಲಿ ಮೆಂತ್ಯದ ಬೀಜ ಕೊಂಡು ಮನೆಗೆ ಹೋದಳು.

ಮರುದಿನ ಸೌತೆಯ ಬೀಜ. ಅದರ ಮರುದಿನ ಹೀರೆ. ಹೀಗೆ ಬದನೆ, ಚವಳಿ, ರಾಜಗಿರಿ ಎಲ್ಲವೂ ಮನೆ ಸೇರಿದವು.

"ನಮಗ ಹೊಲ ಎಲ್ಲಿ ಅದ, ಸುವಾರ್ತಿ?" ದಾನಿಯೇಲಪ್ಪ ಪೊಟ್ಟಣಗಳನ್ನು ಸಾಲಾಗಿ ಇಟ್ಟು ಕೇಳಿದ. "ನನಗ ಗೊತ್ತಿಲ್ದಂಗ ಕಕ್ಕೇರಾದಾಗ ಹೊಲ ಏನರ ಹಿಡಿದೀಯೇನು?"

ಆಕೆ ಬೀಜಗಳನ್ನು ಕಾಂಪೌಂಡಿನ ಮನೆಮನೆಗೆ ಹಂಚಿದಳು. ಕೊನೆಗೆ ಹಣಮೇಶನೇ ಬಾಯಿಬಿಟ್ಟ. ಕುಂಬಳದ ಬೀಜ ಕಟ್ಟಿಕೊಡುತ್ತ, ಗಿರಾಕಿಯ ಮುಖ ನೋಡದೆ, ಬಹಳ ವಿನಯದಿಂದ ಹೇಳಿದ: "ಅಕ್ಕೋರ, ಮ್ಯಾಲೆ ಹೋಗಬೇಕಂದ್ರ ಮೆಟ್ಟಲ ಆ ಬಾಜೂಕ ಅವ."

ಆ ಗುರುವಾರ ಕೂಟ ಮಲಕಮ್ಮನ ಮನೆಯಲ್ಲಿತ್ತು. ಮಲಕಮ್ಮ ಕಾಂಪೌಂಡಿನ ಅತ್ಯಂತ ಹಿರಿಯ ಹೆಂಗಸು. ಹಲ್ಲುಗಳು ಹೋಗಿದ್ದರೂ ಮಾತಿನ ಮೊನೆ ಹೋಗಿರಲಿಲ್ಲ. ಎಲ್ಲರ ಬೇಡಿಕೆಗಳೂ ಮುಗಿದ ಮೇಲೆ ಸುವಾರ್ತಮ್ಮ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ಹೇಳಿದಳು:

"ಒಬ್ಬ ಸಹೋದರಿ ಅದಾಳ್ರಿ. ಆಕಿ ಒಂದು ಕಡಿಗಿ ಹೋಗಬೇಕಾಗ್ಯಾದ, ಅಂಜಿಕಿ ಬರಾಕತ್ತಾದ. ಆಕಿ ಸಲುವಾಗಿ ಬೇಡ್ಕೊಳ್ಳಮು."

"ಹೆಸರು?" ಎಂದಳು ಮಲಕಮ್ಮ.

"ಹೆಸರು ಯಾಕ ಬಿಡ್ರಿ. ದೇವರಿಗಿ ಗೊತ್ತದ."

"ದೇವರಿಗಿ ಎಲ್ಲಾನೂ ಗೊತ್ತದ. ಹಂಗಂದ್ರ ನಾವು ಇಲ್ಲಿ ಕುಂತು ಏನ್ ಮಾಡಾಕತ್ತೀವಿ? ಎದ್ದು ಹೋಗಿ ರೊಟ್ಟಿ ಬಡಿಯಮು. ಈ ರೂಲು ಹಾಕಿದಾಕಿ ಯಾರು? ನೀನಾ, ನಾನಾ?"

ಸುವಾರ್ತಮ್ಮ ತಲೆ ತಗ್ಗಿಸಿದಳು. "ಸುವಾರ್ತಮ್ಮ."

"ಎಲ್ಲಿಗಿ ಹೋಗಬೇಕಾಗ್ಯಾದ?"

"ಜಿಮ್ಮಿಗಿ."

ಮೂಲೆಯಲ್ಲಿದ್ದ ಯಾರೋ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅದೂ ಸಾಲದೆ ನಗು ಕೋಣೆಯನ್ನೆಲ್ಲ ತುಂಬಿತು.

"ಅದಕ್ಕ ಬೀಜ ತಂದು ತಂದು ಊರಿಗೆಲ್ಲ ಹಂಚಾಕತ್ತೀಯಾ?" ಎಂದಳು ಮಲಕಮ್ಮ. ನಗದೆ ಉಳಿದವಳು ಅವಳೊಬ್ಬಳೇ. "ನನ್ನ ಹಿತ್ತಲದಾಗ ಕಾಲಿಡಾಕ ಜಾಗ ಇಲ್ಲ, ಹೀರಿ ಬಳ್ಳಿ. ಕಣ್ಣು ಮುಚ್ರಿ ಎಲ್ಲರೂ."

ಎಲ್ಲರೂ ಕಣ್ಣು ಮುಚ್ಚಿದರು. ಮಲಕಮ್ಮನ ಪ್ರಾರ್ಥನೆಗೆ ಅಲಂಕಾರವಿರಲಿಲ್ಲ. ಪಕ್ಕದ ಮನೆಯವರೊಡನೆ ಗೋಡೆಯ ಮೇಲಿಂದ ಮಾತಾಡುವಂತೆ ಅವಳು ದೇವರೊಡನೆ ಮಾತಾಡುತ್ತಿದ್ದಳು.

"ಸ್ವಾಮಿ, ಈಕಿ ನಿನ್ನ ಮಗಳು ಸುವಾರ್ತಮ್ಮ. ಮಂದಿ ಮಕ್ಕಳನ್ನ ಗದರಸ್ತಾಳ, ಕನ್ನಡಿಗಿ ಅಂಜತಾಳ. ಈಕಿಗಿ ನಿನ್ನ ಮೇಜು ಬೇಕಾಗ್ಯಾದ, ಮಗಳ ಬಾಜೂಕ ಮೊಳಕಾಲೂರಬೇಕಾಗ್ಯಾದ. ಈಕಿ ಕಾಲಿಗಿ ಕಸುವು ಕೊಡು. ಎದಿಗಿ ಅದಕ್ಕಿಂತ ಮೊದಲ ಕೊಡು. ಮತ್ತ ಆ ಜಿಮ್ಮಿನಾಗ ಇರೋ ಹೆಣ್ಮಕ್ಕಳ ಸಲುವಾಗೂ ಬೇಡ್ಕೋತೀವಿ, ಅವರ ಹೆಸರು..." ಅವಳು ಒಂದು ಕಣ್ಣು ತೆರೆದಳು. "ಅವರ ಹೆಸರೇನು?"

"ಗೊತ್ತಿಲ್ರಿ."

"ಹೆಸರು ಗೊತ್ತಿಲ್ಲದವರಿಗಿ ಅಂಜಾಕತ್ತೀಯಾ? ಹೋಗಿ ಕೇಳಕೊಂಡು ಬಾ. ಆಮ್ಯಾಲೆ ಆಮೆನ್ ಅಂತೀನಿ."

ಇಷ್ಟು ಹೇಳಿ ಮಲಕಮ್ಮ ಎದ್ದು ಚಹಾಕ್ಕೆ ನೀರಿಟ್ಟಳು. ಆ ಕೂಟದ ಇತಿಹಾಸದಲ್ಲಿ ಆಮೆನ್ ಇಲ್ಲದೆ ನಿಂತ ಪ್ರಾರ್ಥನೆ ಅದೊಂದೇ. ಸುವಾರ್ತಮ್ಮನಿಗೆ ರಾತ್ರಿಯೂ ಮರುದಿನ ಅಂಗನವಾಡಿಯಲ್ಲಿಯೂ, ಒಲೆಯ ಮೇಲೆ ಏನನ್ನೋ ಇಟ್ಟು ಮರೆತು ಬಂದ ಹಾಗೆ ಜೀವ ತಳಮಳಿಸಿತು. ತನಗಾಗಿ ಬೇಡಿದ ಮಾತನ್ನು ದೇವರು ಅರ್ಧ ಕೇಳಿ, ಉಳಿದರ್ಧಕ್ಕೆ ಕಾಯುತ್ತಿದ್ದಾನೆ. ಕಾಯಿಸುತ್ತಿರುವವಳು ತಾನು. ಹೆಸರು ಕೇಳುವುದು ಆಕೆಗೆ ಕಷ್ಟದ ಕೆಲಸವಲ್ಲ. ಆಯುಷ್ಯವೆಲ್ಲ ಅದನ್ನೇ ಮಾಡಿದ್ದಳು. ಜಿಮ್ಮಿಗೆ ಹೋಗುತ್ತಿಲ್ಲ, ಹೆಸರು ಕೇಳಲು ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು, ದೋರನಹಳ್ಳಿಯಿಂದ ಟಂಟಂ ಆಟೋ ಹಿಡಿದು ನೇರವಾಗಿ ಬಂದಳು. ಚರ್ಚಿನ ರೂಢಿಯಂತೆ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟಳು, ತಲೆಯ ಮೇಲೆ ಸೆರಗು ಹೊದ್ದಳು, ತಿರುವನ್ನು ದಾಟಿದಳು, ಬಾಗಿಲು ನೂಕಿದಳು.

ಒಳಗೆ ಮೂವರಿದ್ದರು. ಮೂವರೂ ಅವಳ ಅಂಗನವಾಡಿಯ ಸಮವಸ್ತ್ರದ ಸೀರೆಯನ್ನು ನೋಡಿದರು.

"ನಿಮ್ಮ ಹೆಸರೇನ್ರಿ?" ಎಂದಳು ಸುವಾರ್ತಮ್ಮ, ಬೇರೆ ಯಾವ ಪೀಠಿಕೆಯೂ ಹೊಳೆಯದೆ.

ನಡೆಯುವ ಯಂತ್ರದ ಮೇಲೆ ಏದುಸಿರು ಬಿಡುತ್ತಿದ್ದ ದಪ್ಪನೆಯ ಹೆಂಗಸು ಕೆಂಪು ಗುಂಡಿ ಒತ್ತಿ ಕೆಳಗಿಳಿದಳು. "ಯಾ ಅಲ್ಲಾ, ಸರ್ವೇ ಇಲ್ಲಿಗೂ ಬಂತು ನೋಡ್ರಿ! ಬರಕೊಳ್ರಿ ಅಕ್ಕೋರ. ಶರೀಫಾಬೀ. ಗಂಡ ಬಾಷುಮಿಯಾ, ಬಳಿ ಅಂಗಡಿ. ನಾಲ್ಕು ಮಕ್ಕಳು. ಬಿಪಿ ಅದ, ಸಕ್ರಿ ಅದ, ಪಾಯಖಾನಿ ಅದ, ಗ್ಯಾಸ್ ಅದ. ನಳಾ ಅದ, ನೀರಿಲ್ಲ. ಅದನ್ನ ದೊಡ್ಡದಾಗಿ ಬರೀರಿ."

"ಉಮೆಸಲ್ಮಾ," ಎಂದಳು ಜಿಗಿಯುತ್ತಿದ್ದ ಹುಡುಗಿ. "ಡಿಗ್ರಿ ಆಗ್ಯಾದ. ಪೊಲೀಸ್ ಫಿಜಿಕಲ್‌ಗಿ ತಯಾರಿ ಮಾಡಾಕತ್ತೀನಿ. ಲಗ್ನ ಆಗಿಲ್ಲ."

"ಅದನ್ನೂ ಬರಕೊಳ್ರಿ, ಸರ್ವೇದಾಗ ಯಾರರ ಹುಡುಗ ಸಿಕ್ಕರ ಹೇಳ್ರಿ," ಎಂದಳು ಶರೀಫಾಬೀ.

"ಖಾಲಾ!" ಎಂದು ಉಮೆಸಲ್ಮಾ ತಡೆದಳು.

"ನಾ ಮೆಹನಾಜರಿ. ಇಲ್ಲಿ ಕಲಸಾಕಿ." ಮೂರನೆಯವಳು ಕುರ್ಚಿಯನ್ನು ಎಳೆದು ಹಾಕಿದಳು. "ಕೂಡ್ರಿ. ಆಧಾರ್ ನಂಬರ್ ಬೇಕೇನು?"

"ಬ್ಯಾಡ್ರಿ. ಇಷ್ಟು ಸಾಕು," ಎಂದಳು ಸುವಾರ್ತಮ್ಮ. ತಿರುಗಿದಳು, ಬಾಗಿಲು ದಾಟಿದಳು, ಇಳಿಯತೊಡಗಿದಳು.

ಎಷ್ಟು ಸುಲಭವಾಗಿತ್ತು! ಯಾರೂ ಆಕೆಯ ಮೈಯನ್ನು ನೋಡಿರಲಿಲ್ಲ, ಸೀರೆಯನ್ನು ನೋಡಿದ್ದರು. ಮೂರು ಹೆಸರುಗಳು ಸಿಕ್ಕಿದ್ದವು. ಮಲಕಮ್ಮ ಆಮೆನ್ ಹೇಳುವಳು. ಆದರೆ ಮೆಟ್ಟಿಲ ತಿರುವಿನಲ್ಲಿ ಸುವಾರ್ತಮ್ಮನ ಕಾಲು ನಿಂತಿತು. ಆ ಹೆಸರುಗಳನ್ನು ಅವರು ಕೊಟ್ಟದ್ದು ಸರ್ಕಾರದವಳಿಗೆ. ನಾಳೆ ದೇವರ ಮುಂದೆ "ಶರೀಫಾಬೀ" ಎಂದು ಉಚ್ಚರಿಸುವಾಗ, ಈ ಹೆಸರು ನಿನಗೆ ಹೇಗೆ ಸಿಕ್ಕಿತು ಎಂದು ಅವನು ಕೇಳಿದರೆ? ಇನ್ನೊಬ್ಬರ ಸಂಕಟವನ್ನು ಕೇಳಿಕೊಂಡು ತನ್ನದನ್ನು ಮುಚ್ಚಿಟ್ಟುಕೊಂಡು ಬರುವುದು ಯಾವ ಪ್ರಾರ್ಥನೆ? ಕಟಾಂಜನದ ಬಳಿ ಎಲ್ಲರೂ ಒಂದೇ ಮಟ್ಟದಲ್ಲಿ ಮಂಡಿಯೂರುತ್ತಾರೆ. ಯಾರೂ ನಿಂತುಕೊಂಡು ಉಳಿದವರ ಹೆಸರು ಬರೆದುಕೊಳ್ಳುವುದಿಲ್ಲ.

"ಕರ್ತನೇ, ನನ್ನ ಕೈ ಹಿಡಿ," ಎಂದು ಮೆಲ್ಲನೆ ಹೇಳಿಕೊಂಡು ಆಕೆ ಮತ್ತೆ ಮೇಲಕ್ಕೆ ಹತ್ತಿದಳು.

"ಏನ್ರಿ, ಏನರ ಮರತ್ರೇನು?" ಶರೀಫಾಬೀ ಕೇಳಿದಳು.

"ನಾ ಸರ್ವೇಕ್ಕ ಬಂದಾಕಿ ಅಲ್ರಿ." ಸುವಾರ್ತಮ್ಮನ ದನಿ ನಡುಗಿತು, ದೋರನಹಳ್ಳಿಯ ಯಾವ ಮಗುವೂ ಆ ದನಿಯನ್ನು ಗುರುತಿಸುತ್ತಿರಲಿಲ್ಲ. "ನನ್ನ ಹೆಸರು ಸುವಾರ್ತಮ್ಮ. ನಮ್ಮ ಚರ್ಚಿನಾಗ ಮೊಳಕಾಲೂರಿ ಪ್ರಸಾದ ತೊಗೋತೀವಿ. ನನಗ ಊರಾಕ ಬರ್ತದ, ಏಳಾಕ ಬರಂಗಿಲ್ಲ. ಮೂರು ಮಂದಿ ಗಂಡಸರು ಎತ್ತಿದ್ರು. ಈಸ್ಟರಿಗಿ ಮಗಳ ಬಾಜೂಕ ಊರಬೇಕು. ಇಷ್ಟು ದಿನ ಮೆಟ್ಟಲ ತನಕ ಬಂದು ಬೀಜ ತೊಗೊಂಡು ಹೋಗಾಕತ್ತಿದ್ದೆ. ನಿಮ್ಮ ಕನ್ನಡಿಗಿ ಅಂಜಿಕಿ ನನಗ."

ಯಾರೂ ನಗಲಿಲ್ಲ. ಉಮೆಸಲ್ಮಾ ಹೋಗಿ ಮೂಲೆಯಲ್ಲಿ ಮೊಳಗುತ್ತಿದ್ದ ಹಾಡನ್ನು ನಿಲ್ಲಿಸಿದಳು. ಶರೀಫಾಬೀ ಸುವಾರ್ತಮ್ಮನ ಬರಿಗಾಲುಗಳನ್ನು ನೋಡಿ ಅಂದಳು:

"ನಾ ಕುರ್ಚಿ ಮ್ಯಾಲೆ ಕುಂತು ನಮಾಜ ಓದಾಕತ್ತು ಎರಡು ರಂಜಾನ್ ಆತು, ಅಕ್ಕೋರ. ಹಣಿ ನೆಲಕ್ಕ ಹಚ್ಚಬೇಕಂತ ಜೀವ ಬಡಕೋತದ. ಡಾಕ್ಟರಗ ಸಕ್ರಿ ಸಲುವಾಗಿ ಬರ್ತೀನಿ ಅಂತ ಹೇಳೀನಿ. ಖರೇ ಅಂದ್ರ ಅದರ ಸಲುವಾಗೇ ಬರ್ತೀನಿ. ಬರ್ರಿ ಒಳಗ."

ಮುಂದಿನ ಗುರುವಾರ ಮಲಕಮ್ಮ ಮೂರು ಹೆಸರುಗಳನ್ನೂ ಅವುಗಳ ಸಂಕಟಗಳನ್ನೂ ಒಂದೊಂದಾಗಿ ಕೇಳಿ ತಿಳಿದು, ನಳದಲ್ಲಿ ನೀರಿಲ್ಲದ್ದನ್ನೂ ಬಿಡದೆ ದೇವರಿಗೆ ಒಪ್ಪಿಸಿ, ಗಟ್ಟಿಯಾಗಿ ಆಮೆನ್ ಎಂದಳು.

ಅಂಜಿಕೆ ಅಷ್ಟಕ್ಕೇ ಹೋಗಲಿಲ್ಲ. ಪ್ರತಿ ಸಂಜೆಯೂ ಮೆಟ್ಟಿಲ ಕೆಳಗೆ ಅದು ನಾಯಿಯ ಹಾಗೆ ಕಾದು ಕುಳಿತಿರುತ್ತಿತ್ತು. ಮೆಹನಾಜ ಕಲಿಸಿದ ಪಾಠ ನೋಡುವುದಕ್ಕೆ ಬಹಳ ಸರಳವಾಗಿತ್ತು: ಕೈಯಾನಿಸದೆ ಕುರ್ಚಿಯ ಮೇಲೆ ಕೂರುವುದು, ಏಳುವುದು. ಅದು ಬಂದ ಮೇಲೆ ಗಿಡ್ಡ ಮಣೆ. ಅದೂ ಬಂದ ಮೇಲೆ ಎರಡೂ ಕೈಯಲ್ಲಿ ಚಿಕ್ಕ ತೂಕ. ಸುವಾರ್ತಮ್ಮ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದಳು.

"ಕಣ್ಣು ತೆರೀರಿ ಆಪಾ. ಮೊಳಕಾಲ ಒಳಗ ಹೊಂಟಾದೋ ಹೊರಗ ಹೊಂಟಾದೋ ಕನ್ನಡಿ ನೋಡದ ಹೆಂಗ ಗೊತ್ತಾಗ್ತದ?"

"ನಾ ಪ್ರಾರ್ಥನಾ ಮಾಡಾಕತ್ತೀನವ್ವ."

"ತೆರದ ಕಣ್ಣಿಲೆ ಮಾಡ್ರಿ. ನಿಮ್ಮ ದೇವರು ಬ್ಯಾಡ ಅಂತಾನೇನು?"

ಸುವಾರ್ತಮ್ಮ ಕಣ್ಣು ತೆರೆದಳು. ಕನ್ನಡಿಯಲ್ಲಿ ತನ್ನನ್ನು ನೋಡಲು ಧೈರ್ಯ ಸಾಲದೆ, ಹಿಂದೆ ಕಾಣುತ್ತಿದ್ದವರನ್ನು ನೋಡಿದಳು. ಕೂರುವಾಗ ಒಂದು ಹೆಸರು, ಏಳುವಾಗ ಆ ಹೆಸರಿನ ಬೇಡಿಕೆ. ಶರೀಫಾಬೀಯ ಹಣೆ ನೆಲ ಮುಟ್ಟಲಿ. ಉಮೆಸಲ್ಮಾ ಓಟದಲ್ಲಿ ಗೆಲ್ಲಲಿ. ಮೆಹನಾಜಳ ಕೊರಳು ಒಣಗದಿರಲಿ. ದಿನವಿಡೀ ಕೂಗುತ್ತಾಳೆ ಹುಡುಗಿ. ಹೊಸಬರು ಬಂದರೆ ಅವರ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಿದ್ದಳು. ಹೆಸರು ಹಿಡಿದು ದೇವರ ಮುಂದೆ ಇಟ್ಟವರ ಕಣ್ಣುಗಳಿಗೆ ಅಂಜುವುದು ಕಷ್ಟ. ಆಕೆ ಅದನ್ನು ಯೋಚಿಸಿ ಮಾಡಿದ್ದಲ್ಲ; ರೂಢಿಯ ಬಲದಿಂದ ಮಾಡಿದ್ದು. ಒಂದು ಸಂಜೆ ಬೇರೆ ಯಾರೂ ಕನ್ನಡಿಯಲ್ಲಿರಲಿಲ್ಲ. ಉಳಿದವರು ಕಿಟಕಿಯ ಬಳಿ ನೀರು ಕುಡಿಯುತ್ತಿದ್ದರು. ಹೆಸರುಗಳು ಮುಗಿದಿದ್ದವು, ಸುತ್ತು ಮುಗಿದಿರಲಿಲ್ಲ. ಕನ್ನಡಿಯಲ್ಲಿ ಉಳಿದಿದ್ದವಳು ಒಬ್ಬಳೇ: ಬೆವರಿನಿಂದ ಕುಂಕುಮಗೆಂಪಾದ ದುಂಡು ಮುಖ, ಕಿವಿಯ ಹಿಂದೆ ನೆರೆಗೂದಲು, ನಡುಗುವ ಗಲ್ಲ. ಈ ಹೆಂಗಸಿಗಾಗಿ ತಾನು ಒಮ್ಮೆಯೂ ಹೆಸರು ಹಿಡಿದು ಬೇಡಿಲ್ಲವಲ್ಲ ಎಂದು ಆಕೆಗೆ ಆಗ ಹೊಳೆಯಿತು. ಕೂತಳು. "ಸುವಾರ್ತಮ್ಮ," ಎಂದಳು ಒಳಗೊಳಗೆ. ಎದ್ದಳು. "ಈಕೆಯನ್ನು ನೀನೇ ಮಾಡಿದೆ. ನಾನು ಈಕೆಗೆ ನಾಚಿಕೊಂಡೆ. ನನ್ನನ್ನು ಕ್ಷಮಿಸು." ಕಣ್ಣು ತುಂಬಿತು, ಬೆವರೆಂದು ಸೆರಗಿನಿಂದ ಒರೆಸಿಕೊಂಡಳು.

ಕಿಟಕಿಯಾಚೆ ಊರಿನ ಬೆಟ್ಟ, ಯಾವಾಗಲೂ ಇರುವಂತೆ, ಅಂಗಾತ ಮಲಗಿದ ಬುದ್ಧನ ಆಕಾರದಲ್ಲಿ ಸಂಜೆಯ ಬಿಸಿಲು ಕಾಯಿಸುತ್ತಿತ್ತು.

"ಅಂವನ ನಸೀಬ ನೋಡ್ರಿ," ಎಂದಳು ಶರೀಫಾಬೀ ಬಾಟಲಿಯ ಮುಚ್ಚಳ ತಿರುಗಿಸುತ್ತ. "ಯಾವ ಜಮಾನಾದಿಂದ ಮಲಗೇ ಅದಾನ. ಏಳು ಅ‌ನ್ನಾಕಿ ಒಬ್ಬಾಕಿ ಮೆಹನಾಜ ಅವನಿಗಿ ಗಂಟು ಬಿದ್ದಿಲ್ಲ."

ಕಠಿಣ ಪಾಠ ಕೊನೆಗೆ ಬಂತು. ನೆಲದ ಮೇಲೆ ಎರಡೂ ಮಂಡಿಯೂರಿ, ಯಾವುದನ್ನೂ ಹಿಡಿಯದೆ ಏಳಬೇಕು. ಮೊದಲು ಒಂದು ಪಾದವನ್ನು ಮುಂದಕ್ಕೆ ಊರು, ಮೈಯನ್ನು ಅದರ ಮೇಲೆ ತಾ, ತೊಡೆಯಿಂದ ಒತ್ತು. ಸುವಾರ್ತಮ್ಮ ಚಾಪೆಯ ಮೇಲೆ ಮಂಡಿಯೂರಿದಳು. ಪಾದ ಮುಂದೆ ಬಂತು, ಮೈ ಬರಲಿಲ್ಲ. ಮತ್ತೊಮ್ಮೆ. ಬರಲಿಲ್ಲ. ಆ ಭಾನುವಾರದ್ದೆಲ್ಲವೂ ಮರಳಿ ಬಂತು: ಮರದ ಕರ್ರೆಂಬ ಸದ್ದು, ಮಗುವಿನ ನಗು. ಎತ್ತಲು ಉಮೆಸಲ್ಮಾ ಓಡಿಬಂದಳು.

"ಯಾರೂ ಮುಟ್ಟಬ್ಯಾಡ್ರಿ!" ಎಂದು ಮೆಹನಾಜ ಕೂಗಿದಳು.

"ಮುಟ್ಟಂಗಿಲ್ಲ, ಬಾಜೂಕ ಕೂಡ್ತೀನಿ ಅಷ್ಟೇ," ಎಂದು ಶರೀಫಾಬೀ ಗೋಡೆ ಹಿಡಿದು, "ಬಿಸ್ಮಿಲ್ಲಾ" ಎಂದು, ಮೆಲ್ಲಗೆ ಸುವಾರ್ತಮ್ಮನ ಪಕ್ಕಕ್ಕೆ ಇಳಿದಳು. ಮಂಡಿ ನೆಲಕ್ಕೆ ತಾಗಿದ ಮೇಲೆ ಅವಳ ಮುಖ ಬದಲಾಯಿತು. "ಅಕ್ಕೋರ."

"ಏನ್ರಿ?"

"ನನಗೂ ಏಳಾಕ ಬರವಲ್ದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರೆಂದು ಆಮೇಲೂ ತೀರ್ಮಾನವಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಒಬ್ಬರ ಹೆಗಲಿಗೊಬ್ಬರು ಒರಗಿ, ಕಣ್ಣೀರು ಬರುವವರೆಗೆ ನಕ್ಕರು.

"ಕ್ರೇನ್ ತರಸಲೇನು?" ಎಂದಳು ಉಮೆಸಲ್ಮಾ.

"ನಿನ್ನ ಲಗ್ನಕ್ಕ ತರಸ್ತೀನಿ, ತಡಿ," ಎಂದಳು ಶರೀಫಾಬೀ.

ನಗು ಇಳಿದಾಗ ಸುವಾರ್ತಮ್ಮನ ಉಸಿರು ಹಗುರಾಗಿತ್ತು. ಆಕೆ ತನ್ನ ಮಂಡಿಗಳನ್ನು ನೋಡಿದಳು. ಇಷ್ಟು ತಿಂಗಳು ಅಂದು ಬಿದ್ದೆನೆಂದೇ ಆಕೆ ತಿಳಿದಿದ್ದಳು. ಬಿದ್ದಿರಲಿಲ್ಲ, ಮಂಡಿಯೂರಿದ್ದಳು, ಅಷ್ಟೇ. ಪ್ರಾರ್ಥನೆಯ ಭಂಗಿಯಲ್ಲೇ ಇದ್ದವಳು ಅದನ್ನು ಅವಮಾನವೆಂದು ಕರೆದಿದ್ದಳು. ಏಳುವುದು ತಡವಾದರೆ ಅಲ್ಲಿಯೇ ಇನ್ನೊಂದು ಮಾತು ದೇವರೊಡನೆ ಆಡಬಹುದು, ಅವನಿಗೇನು ಅವಸರ? ಆಕೆ ಪಾದವನ್ನು ಮುಂದಕ್ಕೆ ಊರಿದಳು, ಎದೆಯನ್ನು ಅದರ ಮೇಲೆ ತಂದಳು, ಒತ್ತಿದಳು. ನೆಲ ಕೆಳಗೆ ಸರಿಯಿತು. ಎದ್ದು ನಿಂತವಳು ಬಾಗಿ ಶರೀಫಾಬೀಗೆ, "ಎಡಗಾಲು ಮುಂದ ತರ್ರಿ. ಅಂಜಬ್ಯಾಡ್ರಿ," ಎಂದಳು. ಅದು ದೋರನಹಳ್ಳಿಯ ಮಕ್ಕಳು ಗುರುತಿಸುವ ದನಿಯಾಗಿತ್ತು.

ಈ ವರ್ಷ ರಂಜಾನ್ ಉಪವಾಸವೂ ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸವೂ ಬಹುತೇಕ ಒಟ್ಟಿಗೆ ಬಂದವು. ಜಿಮ್ಮಿನಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಮೆಹನಾಜ ತೂಕಗಳನ್ನು ಇಳಿಸಿ, ಕೂಗನ್ನೂ ಇಳಿಸಿದಳು. ಈದ್ ಕಳೆದ ಮರುದಿನ ಶರೀಫಾಬೀ ಡಬ್ಬಿಯಲ್ಲಿ ಹಬ್ಬದ ಶಾವಿಗೆ ಪಾಯಸ, ಶೀರ್ ಕುರ್ಮಾ ತಂದಳು. ತಾನು ತಿನ್ನದೆ ಎಲ್ಲರಿಗೂ ತಿನ್ನಿಸಿದಳು. ಆಮೇಲೆ ಸುವಾರ್ತಮ್ಮನ ಕಡೆ ತಿರುಗಿ, ದುಪಟ್ಟಾ ಸರಿಸಿ ತನ್ನ ಹಣೆಯನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ಚಾಪೆಯ ನೇಯ್ಗೆಯ ಗುರುತು ಇತ್ತೋ ಇಲ್ಲವೋ, ಸುವಾರ್ತಮ್ಮನಿಗೆ ಕಂಡಿತು.

ಈಸ್ಟರ್ ಬೆಳಗ್ಗೆ ಬಿಸಿಲು ಏರುವ ಮೊದಲೇ ಚರ್ಚು ತುಂಬಿತು. ಪರಿಮಳಾ ಮೊದಲ ಬಾರಿಗೆ ಸೀರೆ ಉಟ್ಟಿದ್ದಳು; ಬಿಳಿಯ ಸೀರೆ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಹೆಜ್ಜೆಯಿಟ್ಟಾಗಲೆಲ್ಲ ಕಾಗದದಂತೆ ಸದ್ದು ಮಾಡುತ್ತಿತ್ತು. ದೃಢೀಕರಣದ ಮಕ್ಕಳ ಹೆಸರುಗಳನ್ನು ಪಾಸ್ಟರ್ ಕರೆದರು. ಸುವಾರ್ತಮ್ಮ ಹಿಂದಿನ ಗೋಡೆಯನ್ನು ಬಿಟ್ಟು ಎದ್ದಳು. ಹೆಂಗಸರ ನಡುವೆ ಒಂದು ಪಿಸುಮಾತು ಹಾದುಹೋಯಿತು. ಎಷ್ಟೋ ತಿಂಗಳ ಮೇಲೆ ಆಕೆ ಆ ಜಮಖಾನೆಯ ಮೇಲೆ ಮುಂದಕ್ಕೆ ನಡೆದು, ಮಗಳ ಬಲಕ್ಕೆ ಮಂಡಿಯೂರಿದಳು. ಗಂಡಸರ ಕಡೆ ದಾನಿಯೇಲಪ್ಪ ಒಂದು ಮಂಡಿಯನ್ನು ಆಗಲೇ ಎತ್ತಿಟ್ಟುಕೊಂಡು, ಓಡುವ ಪಂದ್ಯದಲ್ಲಿ ಸೀಟಿ ಊದುವುದನ್ನು ಕಾಯುವವನಂತೆ ಕುಳಿತಿದ್ದ.

ಅಂಗೈಗೆ ರೊಟ್ಟಿಯ ತುಣುಕು ಬಂತು. ಅದರ ರುಚಿಯನ್ನು ಆಕೆ ಮರೆತಿರಲಿಲ್ಲ. ಆದರೂ ಮೊದಲ ಬಾರಿ ತಿಂದವಳಂತೆ ನಾಲಗೆಯ ಮೇಲೆ ಇಟ್ಟುಕೊಂಡು ಸುಮ್ಮನಿದ್ದಳು. ಪಾಸ್ಟರ್ ಸಾಲಿನ ತುದಿಗೆ ಹೋಗಿ ತಿರುಗಿ ಬಂದರು. ಕೈಯೆತ್ತಿ ಆಶೀರ್ವಾದ ನುಡಿದರು. ಅವರ ದನಿ ಕೊನೆಯಲ್ಲಿ ತುಸು ಅಳುಕಿತು. ಅವರ ಕಣ್ಣೂ ಸುವಾರ್ತಮ್ಮನ ಮೇಲೆಯೇ ಇತ್ತು.

ಸುವಾರ್ತಮ್ಮ ಕಟಾಂಜನವನ್ನು ಮುಟ್ಟಲಿಲ್ಲ. ಎಡಪಾದ ಮುಂದೆ ಬಂತು, ಎದೆ ಅದರ ಮೇಲೆ ಬಂತು, ತೊಡೆ ನಡುಗಿತು, ಹಿಡಿಯಿತು. ಆಕೆ ಎದ್ದು ನಿಂತಳು. ಸಾಲೂ ಎದ್ದಿತು, ಒಬ್ಬಳನ್ನು ಬಿಟ್ಟು.

ಪರಿಮಳಾ ಏಳಲು ಹೋಗಿ ಮತ್ತೆ ಕುಸಿದಿದ್ದಳು. ಗಂಜಿ ಹಾಕಿದ ಸೀರೆಯ ಅಂಚು ಅವಳ ಹಿಮ್ಮಡಿಯ ಕೆಳಗೆ ಸಿಕ್ಕಿಕೊಂಡಿತ್ತು; ಎಳೆದಷ್ಟೂ ನೆರಿಗೆ ಕಳಚುವಂತಿತ್ತು. ಹುಡುಗಿಯ ಕಿವಿಯವರೆಗೆ ಕೆಂಪೇರಿತು. ಸುವಾರ್ತಮ್ಮ ಬಾಗಿ, ಅಂಚನ್ನು ಬಿಡಿಸಿ, ನೆರಿಗೆಯನ್ನು ಒಂದು ಕೈಯಿಂದ ಅದುಮಿ ಹಿಡಿದು, ಇನ್ನೊಂದು ಕೈಯನ್ನು ಮಗಳ ಮೊಣಕೈ ಕೆಳಗೆ ಕೊಟ್ಟು ಮೇಲಕ್ಕೆತ್ತಿದಳು.

"ಅವ್ವ," ಎಂದು ಪರಿಮಳಾ ಪಿಸುಗುಟ್ಟಿದಳು, "ನಾನೇ ನಿನ್ನ ಎಬ್ಬಸಬೇಕಂತ ಮಾಡಿದ್ದೆ."

"ಬಾಯಿ ಮುಚ್ಚಿ ನಡಿ. ಹಿಂದ ಮಂದಿ ಕಾಯಾಕತ್ತಾರ."